ಒಂದು ಬೆರಳಿಗೆ ಸೊನ್ನೆ, ಎರಡಕ್ಕೆ ಐವತ್ತು: ಮಿಲಿಟ್ರಿ ಪೆನ್ಷನ್ನಿನ ಬೆರಳ ಲೆಕ್ಕ

ಪ್ರತಿ ನವೆಂಬರಿನಲ್ಲಿ ನಮ್ಮ ಪಕ್ಕದ ಮನೆಯ ಹವಾಲ್ದಾರಣ್ಣ ತಾನು ಬದುಕಿದ್ದೇನೆ ಅಂತ ಸರಕಾರಕ್ಕೆ ತೋರಿಸಬೇಕು. ಪೆನ್ಷನ್ ಬರುವವರೆಲ್ಲ ತೋರಿಸಬೇಕು, ಅದರಲ್ಲಿ ವಿಶೇಷ ಏನಿಲ್ಲ. ವಿಶೇಷ ಇರುವುದು ಅವರ ಬಲಗೈಯಲ್ಲಿ. ತೋರುಬೆರಳು, ನಡುಬೆರಳು ಎರಡೂ ಬುಡದಿಂದಲೇ ಇಲ್ಲ.

ಕಳೆದ ಸಲ ನಾನೇ ಬೈಕಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಕುಂಬಳೆ–ಬದಿಯಡ್ಕ ರಸ್ತೆಯ ಬದಿಯಲ್ಲಿ ಒಂದು ಸೇವಾ ಕೇಂದ್ರ. ಅಲ್ಲಿನ ಹುಡುಗಿ ಮೆಷಿನನ್ನು ಮುಂದೆ ತಳ್ಳಿ ಬಲಗೈಯ ತೋರುಬೆರಳು ಇಡಿ ಅಂದಳು. ಮೊದಲು ಮಲಯಾಳದಲ್ಲಿ, ಮತ್ತೆ ನಮ್ಮ ಮುಖ ನೋಡಿ ಕನ್ನಡದಲ್ಲಿ. ಅಣ್ಣ ಏನೂ ಹೇಳದೆ ಕೈ ಎತ್ತಿ ತೋರಿಸಿದರು. ಪಾಪ, ಅವಳ ಮುಖ ಸಣ್ಣದಾಯಿತು. ಹಾಗಾದರೆ ಎಡಗೈ ಇಡಿ ಅಂದಳು. ಎಡಗೈ ಇಟ್ಟರು. ಮೆಷಿನ್ ಕೆಂಪು ದೀಪ ತೋರಿಸಿತು. ಒರೆಸಿ ಇಟ್ಟರು, ಮತ್ತೆ ಕೆಂಪು. ಬಲಗೈ ಕೆಲಸ ಬಿಟ್ಟ ಮೇಲೆ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಕಾಲ ಎರಡು ಕೈಯ ಕೆಲಸವನ್ನು ಆ ಒಂದು ಎಡಗೈಯೇ ಮಾಡಿದೆ, ಅಡಿಕೆ ಹೆಕ್ಕಿದೆ, ಹಾರೆ ಹಿಡಿದಿದೆ, ಸುಣ್ಣ–ಮೈಲುತುತ್ತು ಕಲಸಿದೆ, ಬೆರಳಿನ ಗೆರೆಯೆಲ್ಲ ಸವೆದು ನುಣ್ಣಗಾಗಿದೆ. ಕಡೆಗೆ ನನ್ನ ಮೊಬೈಲಿನಲ್ಲಿ ಮುಖ ತೋರಿಸಿ ಕೆಲಸ ಮುಗಿಸಿದೆವು. 2021ರ ನವೆಂಬರಿನಿಂದ ಮುಖ ನೋಡಿ ಗುರುತು ಹಿಡಿಯುವ ವ್ಯವಸ್ಥೆ ಬಂದಿದೆ, ಎರಡು ನಿಮಿಷದ ಕೆಲಸ. ಕೈಬೆರಳು ಹೋದವರು ಮೆಷಿನ್ ಮುಂದೆ ನಿಂತು ಸುಮ್ನೆ ಬೇಜಾರು ಮಾಡಿಕೊಳ್ಳುವುದು ಬೇಡ.

ವಾಪಸು ಬರುವಾಗ ನಾನು ಕೇಳಿದೆ, "ನಿಮ್ಮದು ಎಷ್ಟು ಪರ್ಸೆಂಟ್ ಅಣ್ಣ?"

"ಕೈ ಪ್ರಕಾರವಾ, ಕಾಗದ ಪ್ರಕಾರವಾ ಮಾರಾಯ? ಕಾಗದದಲ್ಲಿ ಮೊದಲು ಇಪ್ಪತ್ತು. ಈಗ ಐವತ್ತು. ಬೆರಳು ಮಾತ್ರ ಅಷ್ಟೇ ಉಂಟು."

ಈ ಲೇಖನ ಆ ಮಾತಿನ ಬಗ್ಗೆಯೇ. ಇಪ್ಪತ್ತು ಹೇಗೆ ಬಂತು, ಐವತ್ತು ಹೇಗಾಯಿತು, ಹತ್ತೊಂಬತ್ತು ಬಂದಿದ್ದರೆ ಏನಾಗುತ್ತಿತ್ತು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಮಿಲಿಟ್ರಿಯಲ್ಲಿದ್ದು ಬಂದವರು ತುಂಬ ಮಂದಿ ಇದ್ದಾರೆ. ಅವರ ಕಾಗದಗಳು ಇಂಗ್ಲಿಷಿನಲ್ಲಿ, ಇಲ್ಲಿನ ಕಚೇರಿಯ ವ್ಯವಹಾರ ಹೆಚ್ಚಾಗಿ ಮಲಯಾಳದಲ್ಲಿ, ಮನೆಯ ಮಾತು ಕನ್ನಡವೋ ತುಳುವೋ ಮರಾಟಿಯೋ. ನಡುವೆ ಹಣದ ಲೆಕ್ಕ ಯಾರಿಗೂ ಸರಿಯಾಗಿ ಗೊತ್ತಾಗುವುದಿಲ್ಲ. ಗೊತ್ತಾಗದೇ ಹೋದವರು ಹಣ ಬಿಟ್ಟಿದ್ದಾರೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೊದಲು ಬೆರಳಿನ ಬೆಲೆ. ನಮ್ಮ ದೇಶದಲ್ಲಿ 1923ರಿಂದ ಒಂದು ಕಾಯಿದೆ ಇದೆ, ಕೆಲಸದಲ್ಲಿ ಗಾಯವಾದ ಕಾರ್ಮಿಕರಿಗೆ ಪರಿಹಾರ ಕೊಡುವುದಕ್ಕೆ. ಅದರ ಕೊನೆಯಲ್ಲಿ ಒಂದು ಪಟ್ಟಿ ಇದೆ. ಯಾವ ಅಂಗ ಹೋದರೆ ದುಡಿಮೆಯ ಶಕ್ತಿ ಎಷ್ಟು ಹೋಯಿತು ಅಂತ. ಇಡೀ ಹಸ್ತ ಹೋದರೆ 60. ಹೆಬ್ಬೆರಳು 30. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳು 12, ಉಂಗುರ ಬೆರಳು ಅಥವಾ ಕಿರುಬೆರಳು 7. ಒಂದೇ ಕೈಯ ಎರಡು ಬೆರಳು ಹೋದರೆ 20, ಮೂರು ಹೋದರೆ 30, ನಾಲ್ಕೂ ಹೋದರೆ 50. ಮಿಲಿಟ್ರಿ ಡಾಕ್ಟರುಗಳು ನೋಡುವ ಕೈಪಿಡಿ ಬೇರೆ, ಆದರೆ ಅದೂ ಇದೇ ಮನೆತನದ್ದು. ಬ್ರಿಟಿಷರ ಕಾಲದಲ್ಲಿ ಶುರುವಾದ, ಬೆರಳಿಗಿಷ್ಟು ಗಂಟಿಗಿಷ್ಟು ಅಂತ ಎಣಿಸುವ ಲೆಕ್ಕ.

ಈ ಪಟ್ಟಿಯನ್ನು ಸ್ವಲ್ಪ ನಿಧಾನಕ್ಕೆ ನೋಡಿ, ತಮಾಷೆ ಇದೆ. ತೋರುಬೆರಳು 14, ನಡುಬೆರಳು 12, ಕೂಡಿದರೆ 26 ಆಗಬೇಕಲ್ವಾ? ಆಗುವುದಿಲ್ಲ. 'ಎರಡು ಬೆರಳು' ಅಂತ ಬೇರೆಯೇ ಸಾಲಿದೆ, ಅದರಲ್ಲಿ 20. ಅದೇ ಉಂಗುರ ಬೆರಳು, ಕಿರುಬೆರಳು ಹೋದರೆ 7 ಮತ್ತು 7 ಹದಿನಾಲ್ಕು, ಆದರೆ ಅದಕ್ಕೂ 'ಎರಡು ಬೆರಳು' ಸಾಲಿನ 20. ಬಂದೂಕಿನ ಕುದುರೆ ಎಳೆಯುವ ಬೆರಳು, ಪೆನ್ನು ಹಿಡಿಯುವ ಬೆರಳು, ಅಂಗಿಯ ಗುಬ್ಬಿ ಹಾಕುವ ಬೆರಳು ಒಂದೇ ಹೋದರೆ 14. ತುದಿಯ ಎರಡು ಸಣ್ಣ ಬೆರಳು ಹೋದರೆ 20. ಕೈ ಏನು ಕೆಲಸ ಮಾಡುತ್ತದೆ ಅಂತ ಪಟ್ಟಿ ಕೇಳುವುದೇ ಇಲ್ಲ. ಎಷ್ಟು ಬೆರಳು ಅಂತ ಮಾತ್ರ ಎಣಿಸುತ್ತದೆ.

ಹೆಬ್ಬೆರಳಿನದು ಇನ್ನೂ ಸೂಕ್ಷ್ಮ. ತುದಿ ಕತ್ತರಿಸಿ ಹೋಗಿ ಮೂಳೆ ಉಳಿದಿದ್ದರೆ 10. ಮೇಲಿನ ಗಂಟಿನ ಮೂಳೆಯೂ ಹೋದರೆ 20. ಅಂದರೆ ಎಕ್ಸ್‌ರೇ ನೋಡಿದ ಡಾಕ್ಟರು 'ಮೂಳೆ ಹೋಗಿದೆ' ಅನ್ನುವ ಒಂದು ಸಾಲು ಬರೆದರೋ ಇಲ್ಲವೋ ಅನ್ನುವುದರ ಮೇಲೆ ಲೆಕ್ಕ ದುಪ್ಪಟ್ಟಾಗುತ್ತದೆ. ಹತ್ತಕ್ಕೂ ಇಪ್ಪತ್ತಕ್ಕೂ ಏನು ಮಹಾ ವ್ಯತ್ಯಾಸ ಅಂತ ಅನ್ನಿಸಬಹುದು. ಮಿಲಿಟ್ರಿಯಲ್ಲಿ ಇರುವ ವ್ಯತ್ಯಾಸವೆಲ್ಲ ಅದೇ.

ಯಾಕೆಂದರೆ ಮಿಲಿಟ್ರಿಯ ಡಿಸೆಬಿಲಿಟಿ ಪೆನ್ಷನ್ನಿಗೆ 20 ಅನ್ನುವುದು ಗೆರೆ. ಸರ್ವಿಸ್ ಮುಗಿಸಿ ಮನೆಗೆ ಬಂದವರಿಗೆ ವೈಕಲ್ಯ 20 ಪರ್ಸೆಂಟಿಗಿಂತ ಕಡಿಮೆ ಇದ್ದರೆ ವೈಕಲ್ಯದ ಪಾಲು ಇಲ್ಲ. ಮಾಮೂಲಿ ಪೆನ್ಷನ್ ಬರುತ್ತದೆ, ಅದು ಬೇರೆ ಮಾತು. 20 ಇದ್ದರೆ ಬಾಗಿಲು ತೆರೆಯುತ್ತದೆ, 19 ಇದ್ದರೆ ಇಲ್ಲ.

ಬಾಗಿಲ ಒಳಗೆ ಹೋದ ಮೇಲೆ ಇನ್ನೊಂದು ವಿಚಿತ್ರ. ಐದನೇ ವೇತನ ಆಯೋಗದ ನಂತರ, 1996ರ ಜನವರಿ 1ರಿಂದ ಲೆಕ್ಕ ಹಿಡಿಯುವ ಹಾಗೆ, ಪರ್ಸೆಂಟನ್ನು ಮೇಲಕ್ಕೆ ಸರಿಹೊಂದಿಸುವ ನಿಯಮ ಬಂತು. ಐವತ್ತಕ್ಕಿಂತ ಕಡಿಮೆ ಇದ್ದರೆ 50 ಅಂತ ಹಿಡಿಯಬೇಕು. 50ರಿಂದ 75ರವರೆಗೆ ಇದ್ದರೆ 75. ಅದಕ್ಕಿಂತ ಮೇಲಿದ್ದರೆ 100. ಡಾಕ್ಟರಿಂದ ಡಾಕ್ಟರಿಗೆ ಅಂದಾಜು ಬೇರೆಯಾಗುತ್ತದೆ, ಒಬ್ಬರು 30 ಅಂದರೆ ಇನ್ನೊಬ್ಬರು 40 ಅನ್ನುತ್ತಾರೆ, ಆ ಜಗಳ ಬೇಡ ಅಂತ ಈ ಏರ್ಪಾಡು. ಒಳ್ಳೆಯದೇ. ಆದರೆ ಮೇಲಕ್ಕೆ ಎತ್ತುವ ಈ ಕೈ ಇಪ್ಪತ್ತರ ಗೆರೆಯ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಎರಡು ಬೆರಳಿಗೆ 20 ಬಂದರೆ ಅದು 50 ಆಗುತ್ತದೆ. ಒಂದು ಬೆರಳಿಗೆ 14 ಬಂದರೆ ಅದು ಸೊನ್ನೆ ಆಗುತ್ತದೆ.

ರೂಪಾಯಿಯಲ್ಲಿ ಹೇಳುತ್ತೇನೆ. ಏಳನೇ ವೇತನ ಆಯೋಗದ ನಂತರವೂ ಉಳಿದ ಲೆಕ್ಕ ಇದು: ನೂರು ಪರ್ಸೆಂಟ್ ವೈಕಲ್ಯಕ್ಕೆ ಕೊನೆಯ ಸಂಬಳದ ಶೇ. 30. ಅದಕ್ಕಿಂತ ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಕಡಿಮೆ. ಕೊನೆಯ ಸಂಬಳ 40,000 ಅಂತ ಇಟ್ಟುಕೊಳ್ಳಿ. ನೂರಕ್ಕೆ 12,000. ಇಪ್ಪತ್ತಕ್ಕೆ 2,400. ಐವತ್ತು ಅಂತ ಹಿಡಿದರೆ 6,000. ತಿಂಗಳಿಗೆ, ಮೇಲಿಂದ ತುಟ್ಟಿಭತ್ಯೆ, ಬದುಕಿರುವವರೆಗೆ. ಮಾಮೂಲಿ ಪೆನ್ಷನ್ನಿನ ಮೇಲೆ ಇದು. 14ಕ್ಕೆ ಏನೂ ಇಲ್ಲ.

ಈಗ ಹೊಟ್ಟೆ ಉರಿಯುವ ಹೋಲಿಕೆ. ಮಂಗಳೂರಿನ ಯಾವುದೋ ಮರದ ಮಿಲ್ಲಿನಲ್ಲಿ ಒಬ್ಬ ಹುಡುಗನ ತೋರುಬೆರಳು ಗರಗಸಕ್ಕೆ ಹೋಯಿತು ಅನ್ನಿ. 1923ರ ಕಾಯಿದೆಯಲ್ಲಿ ಅವನಿಗೆ 14 ಪರ್ಸೆಂಟಿನ ಲೆಕ್ಕದಲ್ಲಿ ಪರಿಹಾರ ಸಿಗಬೇಕು. ಅಲ್ಲಿ ಇಪ್ಪತ್ತರ ಗೆರೆ ಇಲ್ಲ. ಅದೇ ಬೆರಳು ಜಮ್ಮುವಿನ ವರ್ಕ್‌ಶಾಪಿನಲ್ಲಿ ಗಾಡಿ ರಿಪೇರಿ ಮಾಡುವಾಗ ಜವಾನನದ್ದು ಹೋಗಿ, ಅವನು ಸರ್ವಿಸ್ ಮುಗಿಸಿ ಬಂದರೆ ವೈಕಲ್ಯದ ಹೆಸರಿನಲ್ಲಿ ಏನೂ ಇಲ್ಲ. ಅಮೆರಿಕದಲ್ಲಿ ಮಾಜಿ ಸೈನಿಕರಿಗೆ ಹತ್ತು ಪರ್ಸೆಂಟಿನಿಂದಲೇ ತಿಂಗಳ ಹಣ ಶುರು. ತೋರುಬೆರಳು ಒಂದೇ ಹೋದರೂ, ಎಲ್ಲಿ ತುಂಡಾಗಿದೆ ಅನ್ನುವುದರ ಮೇಲೆ 10ರಿಂದ 30ರವರೆಗೆ ಕೊಡುತ್ತಾರೆ. ಇನ್ನೊಂದು ಮಾತು ಅವರು ಕೇಳುತ್ತಾರೆ: ನೀನು ಬಲಗೈಯವನೋ ಎಡಗೈಯವನೋ? ಇಡೀ ಹಸ್ತ ಹೋದರೆ ಕೆಲಸ ಮಾಡುವ ಕೈಗೆ 70, ಇನ್ನೊಂದಕ್ಕೆ 60. ಅವರ ವ್ಯವಸ್ಥೆಯಲ್ಲೂ ನೂರೆಂಟು ತಕರಾರುಗಳಿವೆ, ನಾನೇನು ಅದನ್ನು ಹೊಗಳಲು ಹೊರಟಿಲ್ಲ. ಆದರೆ ಆ ಪ್ರಶ್ನೆ ಸರಿಯಾದ ಪ್ರಶ್ನೆ.

ಹವಾಲ್ದಾರಣ್ಣನ ಕೈ ನೋಡಿದರೆ ಗೊತ್ತಾಗುತ್ತದೆ ಯಾಕೆ ಸರಿಯಾದ ಪ್ರಶ್ನೆ ಅಂತ. ಮದುವೆಯ ಹಂತಿಯಲ್ಲಿ ಕೂತರೆ ಹೆಬ್ಬೆರಳು, ಉಂಗುರ ಬೆರಳು, ಕಿರುಬೆರಳು ಇಷ್ಟರಲ್ಲೇ ಸಾರು–ಅನ್ನ ಕಲಸುತ್ತಾರೆ. ನಡುವಿನ ಸಂದಿಯಲ್ಲಿ ಸಾರು ಇಳಿದು ಹೋಗುತ್ತದೆ. ಹಾಗಾಗಿ ಬಡಿಸುವವರು ಬರುವ ಮೊದಲೇ ಎಲೆಯ ಮೇಲೆ ಅನ್ನದ ಗುಡ್ಡೆ ಮಾಡಿ ನಡುವೆ ಗುಂಡಿ ತೋಡಿ ಇಡುತ್ತಾರೆ, ನೋಡುವುದಕ್ಕೆ ಮಕ್ಕಳಾಟ. ಅಂಗಿಯ ಗುಬ್ಬಿ ಹಾಕುವುದು ಎಡಗೈಯಲ್ಲಿ. ಅಡಿಕೆ ಸುಲಿಯುವ ಕತ್ತಿಯ ಮುಂದೆ ಕೂರುವುದನ್ನು ಬಿಟ್ಟೇ ಬಿಟ್ಟರು. ಆ ಕೆಲಸದಲ್ಲಿ ಕಾಯಿಯನ್ನು ತಿರುಗಿಸುವುದು ಈ ಎರಡು ಬೆರಳೇ. ತಳೆ ಹಾಕಿ ಮರ ಹತ್ತುವ ಪ್ರಶ್ನೆಯೇ ಇಲ್ಲ. ಇನ್ನು ಸಹಿ! 1998ಕ್ಕೆ ಮೊದಲಿನ ಕಾಗದಗಳಲ್ಲಿ ಬಲಗೈಯ ಚಂದದ ಸಹಿ, ಆಮೇಲಿನದರಲ್ಲಿ ಎಡಗೈಯ ಸೊಟ್ಟ ಸಹಿ. ಒಂದು ಬ್ಯಾಂಕಿನಲ್ಲಿ ಎರಡು ಸಹಿ ಹೊಂದುವುದಿಲ್ಲ ಅಂತ ಮೂರು ಸಲ ವಾಪಸು ಕಳಿಸಿದ್ದರು. ಕೈ ತೋರಿಸಿದರೂ "ರೂಲ್ಸ್ ಇರುವುದು ಹಾಗೆ" ಅಂದರಂತೆ.

ಅವರ ಕತೆ ಹೀಗೆ. 1998ರಲ್ಲಿ ಮೂರು ಟನ್ನಿನ ಲಾರಿಯಿಂದ ಸಾಮಾನು ಇಳಿಸುತ್ತಿದ್ದಾಗ ಹಿಂಬದಿಯ ಟೈಲ್‌ಬೋರ್ಡ್ ಕೊಂಡಿ ಜಾರಿ ಬಿತ್ತು. ಕೈ ಅಡಿಯಲ್ಲಿತ್ತು. ಯುದ್ಧವಲ್ಲ, ಗುಂಡಲ್ಲ, ಲಾರಿ. "ನನ್ನದು ಬರೀ ಲಾರಿ ಕೇಸು" ಅಂತ ಅವರು ಈಗಲೂ ಸಣ್ಣ ದನಿಯಲ್ಲಿ ಹೇಳುತ್ತಾರೆ, ನಾಚಿಕೆ ಪಡುವ ಹಾಗೆ. ಯಾಕೆ ನಾಚಿಕೆ ಅಂತ ನನಗೆ ಅರ್ಥವಾಗಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರ ಸುಬೇದಾರರು ಒಂದು ಫಾರ್ಮ್ ತಂದು ತುಂಬಿಸಿದರು. ಗಾಯದ ವರದಿ, ಐಎಎಫ್‌ವೈ-2006 ಅಂತ ಅದರ ನಂಬರು. ಎಲ್ಲಿ ಆಯಿತು, ಯಾವಾಗ ಆಯಿತು, ಡ್ಯೂಟಿಯಲ್ಲಿದ್ದನೋ ಇಲ್ಲವೋ, ತಪ್ಪು ಯಾರದು. ಆಮೇಲೆ ಕೋರ್ಟ್ ಆಫ್ ಎನ್‌ಕ್ವೈರಿ, ಅಂದರೆ ಮಿಲಿಟ್ರಿಯ ಒಳಗಿನ ವಿಚಾರಣೆ ನಡೆಯಿತು, 'ಡ್ಯೂಟಿಯಲ್ಲಿದ್ದಾಗ ಆದ ಗಾಯ, ಮಿಲಿಟ್ರಿ ಸೇವೆಯಿಂದಲೇ ಆದದ್ದು' ಅಂತ ಬರೆದರು. ಆ ಒಂದು ಸಾಲು ಬರೆಸಿದ ಸುಬೇದಾರರನ್ನು ಅಣ್ಣ ಇವತ್ತಿಗೂ ನೆನೆಯುತ್ತಾರೆ.

ಯಾಕೆಂದರೆ ಪರ್ಸೆಂಟ್ ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ ಸೇವೆಗೂ ಗಾಯಕ್ಕೂ ಸಂಬಂಧ ಉಂಟೋ ಇಲ್ಲವೋ ಅನ್ನುವುದು. ಸಂಬಂಧ ಇಲ್ಲ ಅಂದರೆ ನೂರು ಪರ್ಸೆಂಟ್ ಇದ್ದರೂ ವೈಕಲ್ಯದ ಪಾಲು ಸಿಗುವುದಿಲ್ಲ. ಎ ಅಂದರೆ ಸಂಬಂಧ ಇಲ್ಲದ್ದು. ಸಂಬಂಧ ಇದ್ದರೂ ಅದರಲ್ಲಿ ದರ್ಜೆಗಳಿವೆ, ಬಿ ಯಿಂದ ಇ ವರೆಗೆ. ಡ್ಯೂಟಿಯ ಅಪಘಾತ ಸಿ. ಗಡಿಯಲ್ಲಿ ಮೈನ್ ಸಿಡಿದು ಅದೇ ಎರಡು ಬೆರಳು ಹೋಗಿದ್ದರೆ ಇ, ಅದಕ್ಕೆ ಯುದ್ಧ ಗಾಯದ ಪೆನ್ಷನ್ ಅಂತ ಬೇರೆ ಹೆಸರು, ಬೇರೆ ದರ. ಸೇವೆಯಲ್ಲಿ ಮುಂದುವರಿದು ನಿವೃತ್ತರಾದವರಿಗೂ ಶೇ. 30ರ ಬದಲು 60ರ ಲೆಕ್ಕ.

ರಜೆಯಲ್ಲಿ ಊರಿಗೆ ಬಂದಾಗ ಆಗುವ ಗಾಯವೇ ನಮ್ಮ ಕಡೆ ಜಾಸ್ತಿ ತೊಂದರೆ ಕೊಡುವುದು. ರಜೆಗೆ ಬಂದ ಹುಡುಗ ಸುಮ್ಮನೆ ಕೂರುತ್ತಾನಾ? ಅಡಿಕೆ ಸುಲಿಯುವ ಮೆಷಿನ್ನಿಗೆ ಕಾಯಿ ಹಾಕುತ್ತಾನೆ, ಕಳೆ ಕತ್ತರಿಸುವ ಮೆಷಿನ್ ಹಿಡಿದು ತೋಟಕ್ಕೆ ಇಳಿಯುತ್ತಾನೆ, ಜಾತ್ರೆಯಲ್ಲಿ ಪಟಾಕಿಗೆ ಬೆಂಕಿ ಕೊಡುತ್ತಾನೆ. ರಜೆಯೂ ಸೇವೆಯ ಭಾಗವೇ ತಾನೆ, ಸಂಬಳ ಬರುತ್ತದಲ್ಲ ಅಂತ ವಾದ ಮಾಡಿದವರಿದ್ದಾರೆ. ಸುಪ್ರೀಂ ಕೋರ್ಟ್ ಒಪ್ಪಿಲ್ಲ. 2011ರ ಜುಝಾರ್ ಸಿಂಗ್ ಕೇಸಿನಲ್ಲಿ ರಜೆಯಲ್ಲಿದ್ದಾಗ ರಸ್ತೆ ಅಪಘಾತವಾದ ಸೈನಿಕನಿಗೆ, ಗಾಯಕ್ಕೂ ಮಿಲಿಟ್ರಿ ಕೆಲಸಕ್ಕೂ ಸಂಬಂಧ ಇಲ್ಲ ಅಂತ ಪೆನ್ಷನ್ ನಿರಾಕರಿಸಿತು. ಆದರೆ ಡ್ಯೂಟಿ ಜಾಗದಿಂದ ರಜೆಗೆ ಸರಕಾರಿ ಖರ್ಚಿನಲ್ಲಿ ಹೊರಟು ಊರು ಮುಟ್ಟುವ ದಾರಿ, ಹಾಗೆಯೇ ವಾಪಸು ಹೋಗುವ ದಾರಿ ಡ್ಯೂಟಿ ಲೆಕ್ಕಕ್ಕೆ ಬರುತ್ತದೆ. ಅಂದರೆ ಕಾಸರಗೋಡು ಸ್ಟೇಷನ್ನಿನಲ್ಲಿ ರೈಲು ಇಳಿಯುವಾಗ ಬಾಗಿಲಿಗೆ ಬೆರಳು ಸಿಕ್ಕಿದರೆ ಒಂದು ಮಾತು, ಮರುದಿನ ಅಂಗಳದಲ್ಲಿ ಮೆಷಿನ್ನಿಗೆ ಸಿಕ್ಕಿದರೆ ಇನ್ನೊಂದು ಮಾತು. ರೈಲಿನ ಟಿಕೆಟು, ಸರಕಾರಿ ಖರ್ಚಿನ ಪ್ರಯಾಣಕ್ಕೆ ಕೊಟ್ಟ ವಾರಂಟಿನ ಪ್ರತಿ ಬಿಸಾಡಬೇಡಿ. ಗಾಯವಾದರೆ ಊರಿನ ಆಸ್ಪತ್ರೆಯ ಚೀಟಿ ಮಾತ್ರ ಇಟ್ಟುಕೊಂಡು ಕೂರಬೇಡಿ, ಯೂನಿಟ್ಟಿಗೆ ಅವತ್ತೇ ಸುದ್ದಿ ಮುಟ್ಟಿಸಿ, ಹತ್ತಿರದ ಮಿಲಿಟ್ರಿ ಆಸ್ಪತ್ರೆಗೆ ಹೋಗಿ. ನಮಗೆ ಅಂದರೆ ಕಣ್ಣೂರು.

ಬೆರಳು ಹೋದ ಕೂಡಲೇ ಮನೆಗೆ ಕಳಿಸುತ್ತಾರೆ ಅಂತ ಹೆದರುವವರಿದ್ದಾರೆ, ಹಾಗಿಲ್ಲ. ಮಿಲಿಟ್ರಿಯಲ್ಲಿ ಆರೋಗ್ಯವನ್ನು 'ಶೇಪ್' ಅಂತ ಐದು ಅಕ್ಷರದಲ್ಲಿ ಅಳೆಯುತ್ತಾರೆ, ಮನಸ್ಸು, ಕಿವಿ, ಕೈಕಾಲು, ದೇಹ, ಕಣ್ಣು. ಬೆರಳು ಬರುವುದು 'ಎ' ಅಕ್ಷರದ ಕೆಳಗೆ. ಒಂದು ಅಂದರೆ ಪೂರ್ತಿ ಗಟ್ಟಿ, ಐದು ಅಂದರೆ ಸೇವೆಗೆ ಆಗದು. ಎರಡು ಮೂರರಲ್ಲಿ ಇದ್ದವರಿಗೆ ಸ್ಟೋರ್ ಕೆಲಸವೋ ಕಚೇರಿ ಕೆಲಸವೋ ಕೊಟ್ಟು ಇಟ್ಟುಕೊಳ್ಳುತ್ತಾರೆ. 'ಕ್ಯಾಟಗರಿ ಬಿತ್ತು' ಅನ್ನುತ್ತಾರೆ. ಹವಾಲ್ದಾರಣ್ಣ ಹೀಗೆ ಹನ್ನೊಂದು ವರ್ಷ ಸ್ಟೋರಿನಲ್ಲಿ ಇದ್ದು 2009ರಲ್ಲಿ ಬಂದರು.

ಇಲ್ಲೊಂದು ದೊಡ್ಡ ಅನ್ಯಾಯ ಬಹುಕಾಲ ನಡೆಯಿತು. 20ನ್ನು 50 ಮಾಡುವ ನಿಯಮವನ್ನು ಸರಕಾರ ಬೋರ್ಡ್ ಔಟ್ ಆದವರಿಗೆ ಮಾತ್ರ, ಅಂದರೆ ವೈಕಲ್ಯದ ಕಾರಣಕ್ಕೇ ಅರ್ಧದಲ್ಲಿ ಕಳಿಸಿದವರಿಗೆ ಮಾತ್ರ ಕೊಡುತ್ತಿತ್ತು. ಕೈ ಮುರಿದುಕೊಂಡೂ ಪೂರ್ತಿ ಸರ್ವಿಸ್ ಮಾಡಿದವನಿಗೆ ಇಲ್ಲ. 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಭೇದ ತೆಗೆದು ಹಾಕಿತು. ಅವಧಿ ಮುಗಿಸಿ ಬಂದವರಿಗೂ ಸಿಗಬೇಕು ಅಂತ. ಆದರೆ ತೀರ್ಪು ಬಂದ ಕೂಡಲೇ ಹಣ ಬ್ಯಾಂಕಿಗೆ ಬಂತು ಅಂದುಕೊಳ್ಳಬೇಡಿ. ಅಣ್ಣನಿಗೆ ಇದು ಗೊತ್ತಾದದ್ದೇ ಕ್ಯಾಂಟೀನಿನ ಸಾಲಿನಲ್ಲಿ ನಿಂತಿದ್ದಾಗ, ಪರಿಚಯದ ಒಬ್ಬ ನಿವೃತ್ತ ಕ್ಲರ್ಕ್ ಹೇಳಿ. ಅರ್ಜಿ ಕೊಟ್ಟರು, ಉತ್ತರ ಬರಲಿಲ್ಲ. ಕೊಚ್ಚಿಯ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದರು. ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತುವುದು, ಬೆಳಗ್ಗೆ ಎರ್ನಾಕುಳಂನಲ್ಲಿ ಇಳಿದು ಮುಖ ತೊಳೆಯುವುದು, ವಕೀಲರ ಹಿಂದೆ ಕೂರುವುದು. ನಾಲ್ಕು ಸಲ ಹೋಗಿ ಬಂದ ಮೇಲೆ 50 ಆಯಿತು. ಬಾಕಿ ಹಣ ಮಾತ್ರ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷದ್ದು, ತಡವಾಗಿ ಬಂದವರಿಗೆ ಅಷ್ಟೇ ಅಂತ 2008ರ ತರ್ಸೇಮ್ ಸಿಂಗ್ ತೀರ್ಪಿನ ಆಧಾರದಲ್ಲಿ. ಅದಕ್ಕೂ ಹಿಂದಿನದು ಹೋಯಿತು. ಇಂಗ್ಲಿಷ್ ಬರುವ, ಕೋರ್ಟಿನ ಸುದ್ದಿ ಓದುವ ಒಬ್ಬ ಮನೆಯಲ್ಲಿದ್ದಿದ್ದರೆ ಒಂದಷ್ಟು ತಿಂಗಳ ಹಣವಾದರೂ ಉಳಿಯುತ್ತಿತ್ತು. ಆಗ ನಾನೂ ಪಕ್ಕದ ಮನೆಯಲ್ಲೇ ಇದ್ದೆ, ಕೇಳಿರಲಿಲ್ಲ.

ಕೋರ್ಟುಗಳು ಸೈನಿಕರ ಪರ ನಿಂತ ಇನ್ನೆರಡು ಮಾತು ತಿಳಿದಿರಲಿ. 2013ರ ಧರಮ್‌ವೀರ್ ಸಿಂಗ್ ತೀರ್ಪು: ಭರ್ತಿಯಾಗುವಾಗ ಗಟ್ಟಿ ಇದ್ದಾನೆ ಅಂತ ನೀವೇ ತೆಗೆದುಕೊಂಡಿರಿ, ಆಮೇಲೆ ಬಂದ ತೊಂದರೆ ಸೇವೆಯಿಂದ ಅಲ್ಲ ಅಂತ ಹೇಳುವುದಾದರೆ ಅದನ್ನು ತೋರಿಸುವ ಹೊಣೆ ನಿಮ್ಮದು, ಅವನದ್ದಲ್ಲ. 2014ರ ಸುಖ್ವಿಂದರ್ ಸಿಂಗ್ ತೀರ್ಪು: ವೈಕಲ್ಯದ ಕಾರಣಕ್ಕೆ ಅರ್ಧದಲ್ಲೇ ಮನೆಗೆ ಕಳಿಸಿದ್ದೀರಿ ಅಂದ ಮೇಲೆ ಅದು 20ಕ್ಕಿಂತ ಮೇಲಿದೆ ಅಂತಲೇ ಹಿಡಿಯಬೇಕು. ತರ್ಕ ನೇರ ಇದೆ. 20ಕ್ಕಿಂತ ಕಡಿಮೆ ಅಂದರೆ ಸಣ್ಣ ತೊಂದರೆ, ಸಣ್ಣ ತೊಂದರೆಗೆ ಕೆಲಸದಿಂದ ತೆಗೆದದ್ದು ಯಾಕೆ? ಹಾಗಾಗಿ ಒಂದೇ ಬೆರಳು ಹೋಗಿ ಬೋರ್ಡ್ ಔಟ್ ಆದವರ ಕಾಗದದಲ್ಲಿ 14 ಅಂತ ಇದ್ದರೂ ಕೈಚೆಲ್ಲಿ ಕೂರಬೇಕಾಗಿಲ್ಲ.

ಈಗಿನ ಗಲಾಟೆಗೆ ಬರೋಣ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ಅವಧಿ ಮುಗಿಸಿ ನಿವೃತ್ತರಾಗುವವರಿಗೆ ಸಿಗುವ ಹಣಕ್ಕೆ ಈಗ 'ಇಂಪೇರ್‌ಮೆಂಟ್ ರಿಲೀಫ್' ಅಂತ ಹೊಸ ಹೆಸರು. ಹಳಬರ ಪೆನ್ಷನ್ನನ್ನು ಇದು ಮುಟ್ಟುವುದಿಲ್ಲ ಅಂತ ರಕ್ಷಣಾ ಸಚಿವಾಲಯ ಹೇಳಿದೆ. ಈ ಬದಲಾವಣೆಯ ಹಿಂದೆ ಒಂದು ದೂರು ಇದೆ, ಅದು ಪೂರ್ತಿ ಸುಳ್ಳೂ ಅಲ್ಲ. ದೊಡ್ಡ ದೊಡ್ಡ ಅಧಿಕಾರಿಗಳು ನಿವೃತ್ತಿಯ ಹೊತ್ತಿಗೆ ಬಿಪಿ, ಶುಗರ್ ಅಂತ ಬರೆಸಿಕೊಂಡು ಡಿಸೆಬಿಲಿಟಿ ಪೆನ್ಷನ್ ತೆಗೆದುಕೊಳ್ಳುತ್ತಾರೆ ಅನ್ನುವ ದೂರು. ಮಹಾಲೇಖಪಾಲರ (ಸಿಎಜಿ) ವರದಿಯೂ ಇದನ್ನು ಎತ್ತಿತ್ತು, ಜವಾನರಿಗಿಂತ ಅಧಿಕಾರಿಗಳಲ್ಲಿ ಈ ಪಾಲು ಎರಡು ಪಟ್ಟಿಗೂ ಜಾಸ್ತಿ ಇದೆ ಅಂತ. ಬಿಪಿ ಸೇವೆಯಿಂದ ಬಂತೋ ವಯಸ್ಸಿನಿಂದ ಬಂತೋ ಅಂತ ಜಗಳ ಆಡಬಹುದು. ಎತ್ತರದ ಹಿಮದಲ್ಲಿ ವರ್ಷಗಟ್ಟಲೆ ಕಳೆದವನಿಗೆ ಸೇವೆಯಿಂದಲೇ ಬಂದಿರಲೂ ಸಾಕು. ಆದರೆ ಬೆರಳಿನ ವಿಷಯದಲ್ಲಿ ಏನು ಜಗಳ? ಯಾರಾದರೂ ಪೆನ್ಷನ್ನಿಗೋಸ್ಕರ ಬೆರಳು ಕಡಿದುಕೊಳ್ಳುತ್ತಾರಾ? ಬಿಪಿ–ಶುಗರಿನ ಬಾಗಿಲು ಬಿಗಿ ಮಾಡಲು ಹೊರಟು ಅದೇ ಬಾಗಿಲಲ್ಲಿ ಕೈ ತುಂಡಾದವನನ್ನೂ ನಿಲ್ಲಿಸುವುದು, ಅವನಿಗೂ ಅದೇ ಅನುಮಾನದ ಪ್ರಶ್ನೆ ಕೇಳುವುದು ನನಗೆ ಸರಿ ಕಾಣುವುದಿಲ್ಲ. ನ್ಯಾಯಮಂಡಳಿಯಲ್ಲಿ ಸೈನಿಕ ಗೆದ್ದರೂ ಸರಕಾರ ಹೈಕೋರ್ಟಿಗೆ ಹೋಗುತ್ತದೆ. 2025ರಲ್ಲಿ ದೆಹಲಿ ಹೈಕೋರ್ಟ್ ಇಂಥ ನೂರಾರು ಅರ್ಜಿಗಳನ್ನು ತಳ್ಳಿ ಹಾಕಿತು. ಗೆದ್ದವನು ಇನ್ನೊಮ್ಮೆ ಗೆಲ್ಲಬೇಕು.

ಅಗ್ನಿವೀರರ ಲೆಕ್ಕ ಪೂರ್ತಿ ಬೇರೆ. 2022ರಲ್ಲಿ ಶುರುವಾದ ಅಗ್ನಿಪಥದಲ್ಲಿ ನಾಲ್ಕು ವರ್ಷದ ಸೇವೆ. ಸೇವೆಯಿಂದ ವೈಕಲ್ಯ ಬಂದರೆ ಒಂದೇ ಸಲ ಹಣ: 100 ಪರ್ಸೆಂಟಿಗೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ. ಜೊತೆಗೆ ಉಳಿದ ಅವಧಿಯ ಸಂಬಳ, ಸೇವಾನಿಧಿ ಅನ್ನುವ ಇಡಿಗಂಟು. ತಿಂಗಳ ಪೆನ್ಷನ್ ಇಲ್ಲ. 15 ಲಕ್ಷ ಅಂದರೆ ದೊಡ್ಡದು ಅಂತ ಅನ್ನಿಸುತ್ತದೆ, ಇಪ್ಪತ್ತೆರಡು ವರ್ಷದ ಹುಡುಗನಿಗೆ ಇನ್ನೂ ಐವತ್ತು ವರ್ಷ ಅದೇ ಕೈಯಲ್ಲಿ ಬದುಕಬೇಕು ಅಂತ ನೆನಪಾಗುವವರೆಗೆ. ಮೇಲಿನ ಉದಾಹರಣೆಯ ತಿಂಗಳಿಗೆ 6,000ವನ್ನು ತುಟ್ಟಿಭತ್ಯೆ ಬಿಟ್ಟು ಗುಣಿಸಿದರೂ ಇಪ್ಪತ್ತೊಂದು ವರ್ಷದಲ್ಲಿ 15 ಲಕ್ಷ ದಾಟುತ್ತದೆ.

ಇನ್ನೊಂದು ಗೊಂದಲ. ಮಿಲಿಟ್ರಿಯ ಪರ್ಸೆಂಟಿಗೂ ಊರಿನ ಅಂಗವಿಕಲ ಕಾರ್ಡಿಗೂ ಸಂಬಂಧ ಇಲ್ಲ. 2016ರ ಕಾಯಿದೆಯ ಮೀಸಲಾತಿಯಂಥ ಸೌಲಭ್ಯಕ್ಕೆ ಅಲ್ಲಿ 40 ಪರ್ಸೆಂಟ್ ಬೇಕು, ಅಳೆಯುವ ಪಟ್ಟಿಯೂ ಬೇರೆ. ಪಿಪಿಒದಲ್ಲಿ, ಅಂದರೆ ಪೆನ್ಷನ್ ಆದೇಶದ ಕಾಗದದಲ್ಲಿ 50 ಅಂತ ಇದೆ, ಕಾರ್ಡು ಕೊಡಿ ಅಂತ ಅಣ್ಣ ಒಮ್ಮೆ ಕೇಳಿ ನೋಡಿದ್ದರು. ಆ 50 ಹಣದ ಲೆಕ್ಕಕ್ಕೆ ಎತ್ತಿದ 50, ಕೈಯ 50 ಅಲ್ಲ ಅಂತ ಡಾಕ್ಟರು ನಗುತ್ತಾ ಹೇಳಿದರಂತೆ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಕ್ಯಾಂಪುಗಳಲ್ಲಿ ಸಾಲು ನಿಂತ ಜಿಲ್ಲೆ ನಮ್ಮದು. ಪರ್ಸೆಂಟ್ ಅನ್ನುವ ಪದದ ಭಾರ ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗೆರೆಯನ್ನು ಏನು ಮಾಡಬೇಕು ಅಂತ ಕೇಳಿದರೆ ನನ್ನ ಅಭಿಪ್ರಾಯ ಇಷ್ಟು. ಅಂಗ ತುಂಡಾದ ಕೇಸುಗಳನ್ನು ಇಪ್ಪತ್ತರ ಗೆರೆಯಿಂದ ಹೊರಗಿಡಬೇಕು. ಡ್ಯೂಟಿಯಲ್ಲಿ ಆದದ್ದು ಅಂತ ಖಾತ್ರಿಯಾದರೆ 14ಕ್ಕೆ 14ರ ಹಣ ಕೊಡಿ, ಮೇಲಕ್ಕೆ ಎತ್ತುವುದೂ ಬೇಡ. ಮರದ ಮಿಲ್ಲಿನ ಹುಡುಗನಿಗೆ ಆಗುವ ಲೆಕ್ಕ ಜವಾನನಿಗೂ ಆಗಲಿ. ಕೆಲಸ ಮಾಡುವ ಕೈ ಯಾವುದು ಅಂತ ಫಾರ್ಮಿನಲ್ಲಿ ಒಂದು ಪ್ರಶ್ನೆ ಸೇರಿಸಿ. ಖರ್ಚು ಎಷ್ಟಾದೀತು? ಬಿಪಿ ಇರುವವರಷ್ಟು ಬೆರಳು ಇಲ್ಲದವರು ಇಲ್ಲ.

ಅದೆಲ್ಲ ಆಗುವವರೆಗೆ ಕಾಗದವೇ ಗತಿ. ಗಾಯದ ವರದಿ, ಕೋರ್ಟ್ ಆಫ್ ಎನ್‌ಕ್ವೈರಿಯ ಪ್ರತಿ, ಎಕ್ಸ್‌ರೇ ವರದಿ, ಬಿಡುಗಡೆಯ ಮೆಡಿಕಲ್ ಬೋರ್ಡಿನ ಎಎಫ್‌ಎಂಎಸ್‌ಎಫ್‌-16 ಅನ್ನುವ ಫಾರ್ಮ್. ಬೋರ್ಡು 'ಸಂಬಂಧ ಇಲ್ಲ' ಅಂತ ಬರೆದರೆ ಆರು ತಿಂಗಳ ಒಳಗೆ ಮೊದಲ ಅಪೀಲು. ಈಗ ಪೆನ್ಷನ್ ಎಲ್ಲ 'ಸ್ಪರ್ಶ್' ಆನ್‌ಲೈನಿಗೆ ಬಂದಿರುವುದರಿಂದ ಪಿಪಿಒ ಇಳಿಸಿ ನೋಡಿ, ವೈಕಲ್ಯದ ಪಾಲು ಎಷ್ಟು ಪರ್ಸೆಂಟಿಗೆ ಕೊಡುತ್ತಿದ್ದಾರೆ ಅಂತ. 2014ಕ್ಕಿಂತ ಮೊದಲು ನಿವೃತ್ತರಾದವರದ್ದು 20, 30 ಅಂತಲೇ ಇದ್ದರೆ ಕೇಳಬೇಕು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅರ್ಜಿ ಬರೆಯಲು ಸಹಾಯ ಸಿಗುತ್ತದೆ, ಕೇಳಿದವರಿಗೆ.

ಹೋದ ತಿಂಗಳು ಅಣ್ಣನ ತಂಗಿಯ ಮಗ ಫೋನ್ ಮಾಡಿದ್ದ. ಮಿಲಿಟ್ರಿಯಲ್ಲಿದ್ದಾನೆ. ವಾಲಿಬಾಲ್ ಆಡುವಾಗ ನೆಟ್ಟಿನ ಕೊಕ್ಕೆಗೆ ಉಂಗುರ ಸಿಕ್ಕಿ ಬಲಗೈಯ ಉಂಗುರ ಬೆರಳು ಹೋಗಿದೆ. ಆಟ ತಾನೆ, ಡ್ಯೂಟಿ ಅಲ್ಲವಲ್ಲ, ಅದೂ ಏಳು ಪರ್ಸೆಂಟ್, ಸುಮ್ನೆ ಯಾಕೆ ಮಾವ ಅಂದ. ಯೂನಿಟ್ ನಡೆಸುವ ಆಟವೂ ಡ್ಯೂಟಿ ಲೆಕ್ಕವೇ, ನಾಳೆ ಅದೇ ಕೈಗೆ ಇನ್ನೊಂದು ಆದರೆ ಎರಡನ್ನೂ ಸೇರಿಸಿ ನೋಡುತ್ತಾರೆ ಅಂತ ಅಣ್ಣ ಗದರಿಸಿ, ವರದಿಯ ಫೋಟೋ ಕಳಿಸು ಅಂದರು. ಸಂಜೆ ವಾಟ್ಸಾಪಿಗೆ ಬಂತು. ಜಗಲಿಯಲ್ಲಿ ಕೂತು, ಕನ್ನಡಕ ಮೇಲೆ ಮಾಡಿ, ಎಡಗೈಯ ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿ ಹಿಗ್ಗಿಸಿ ಓದಿದರು. ಜಾಗ ಸರಿ ಇತ್ತು, ತಾರೀಕು ಸರಿ ಇತ್ತು, ಡ್ಯೂಟಿಯಲ್ಲಿದ್ದಾಗ ಅಂತಲೂ ಇತ್ತು. ಮತ್ತೆ ಒಂದು ಸಾಲಿನ ಮೇಲೆ ಬೆರಳು ನಿಂತಿತು. "ಇದು ನೋಡು ಮಾರಾಯ" ಅಂತ ನನಗೆ ತೋರಿಸಿದರು. ಯಾರೋ ಅವಸರದಲ್ಲಿ 'ಎಡಗೈ' ಅಂತ ಬರೆದಿದ್ದರು. ಅಲ್ಲಿಂದಲೇ ಹುಡುಗನಿಗೆ ಫೋನ್ ಹಚ್ಚಿದರು.